ಡ್ರ್ಯಾಗ್ ಕಾರಿನ ಆಯಿಲ್‌ಗೆ ಕಿಲೋಮೀಟರ್ ಲೆಕ್ಕ ಸಾಲದು

ಡ್ರ್ಯಾಗ್ ರೇಸಿಗೆ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಚಿಕ್ಕ ಪಂದ್ಯ) ಇಳಿಸುವ ಕಾರುಗಳ ಎಂಜಿನ್ ಆಯಿಲ್ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಏರ್‌ಸ್ಟ್ರಿಪ್ ಅಥವಾ ಟ್ರ್ಯಾಕ್‌ನಲ್ಲಿ ಅನುಮತಿ ಪಡೆದು ನಡೆಯುವ ಸ್ಪರ್ಧೆಗಳಿಗೆ ಮಾತ್ರ ಈ ಉತ್ತರಗಳು. ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ಪಂದ್ಯ ಕಟ್ಟುವವರಿಗೆ ಈ ಅಂಕಣದಲ್ಲಿ ಸಲಹೆ ಇಲ್ಲ.

ಪ್ರಶ್ನೆ: ನನ್ನದು ಟರ್ಬೊ ಪೆಟ್ರೋಲ್ ಸೆಡಾನ್. ಸ್ಟೇಜ್ 2 ರೀಮ್ಯಾಪ್ (ಬಲ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಆಗಿದೆ. ಫುಲ್ಲಿ ಸಿಂಥೆಟಿಕ್ 5ಡಬ್ಲ್ಯು-40 ಹಾಕಿಸಿದ್ದೇನೆ. ಕಾರಿನ ಸರ್ವಿಸ್ ಪುಸ್ತಕದಲ್ಲಿ 15,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಿಸಿ ಎಂದಿದೆ. ಇಡೀ ಸೀಸನ್‌ನಲ್ಲಿ 402 ಮೀಟರಿನ 40 ಓಟ ಓಡಿಸಿದರೂ ಆಗುವುದು 16 ಕಿ.ಮೀ. ಮಾತ್ರ. ಆದರೂ ನಮ್ಮ ಮೆಕ್ಯಾನಿಕ್ ಪ್ರತಿ ಈವೆಂಟ್ ಆದ ಮೇಲೆ ಆಯಿಲ್ ಇಳಿಸಬೇಕು ಅನ್ನುತ್ತಾರೆ. ಇದು ದುಡ್ಡು ದಂಡವಲ್ಲವೇ? (ಹುಬ್ಬಳ್ಳಿ)

ಉತ್ತರ: ದಂಡವಲ್ಲ. ನಿಮ್ಮ ಮೆಕ್ಯಾನಿಕ್ ಮಾತು ಕೇಳಿ.

ಸರ್ವಿಸ್ ಪುಸ್ತಕದ 15,000 ಕಿ.ಮೀ. ಲೆಕ್ಕ ರಸ್ತೆಯಲ್ಲಿ ಓಡುವ ಕಾರಿನದು. ರಸ್ತೆಯಲ್ಲಿ ಆಯಿಲ್ ಕೆಡುವುದು ಮುಖ್ಯವಾಗಿ ಶಾಖ, ಮಸಿ ಮತ್ತು ಕಾಲದಿಂದ. ಡ್ರ್ಯಾಗ್ ಓಟದಲ್ಲಿ ಅದನ್ನು ಕೆಡಿಸುವುದು ಪೆಟ್ರೋಲು. ಫುಲ್ ಬೂಸ್ಟ್‌ನಲ್ಲಿ (ಟರ್ಬೊ ಪೂರ್ತಿ ಗಾಳಿ ಒತ್ತುವಾಗ) ಎಂಜಿನ್ ತಣ್ಣಗಿರಲಿ, ನಾಕ್ (ಮಿಶ್ರಣ ತಾನಾಗಿ ಸಿಡಿಯುವುದು) ಆಗದಿರಲಿ ಎಂದು ಟ್ಯೂನರ್ ಮಿಶ್ರಣವನ್ನು ಶ್ರೀಮಂತ ಮಾಡಿರುತ್ತಾರೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದ ಕಡೆ 11.5ರಿಂದ 12 ಪಾಲು ಮಾತ್ರ ಸಿಗುತ್ತದೆ. ಉರಿಯದೆ ಉಳಿದ ಪೆಟ್ರೋಲಿನಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗೆ ಹತ್ತಿ, ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುತ್ತದೆ. ಟು-ಸ್ಟೆಪ್ (ನಿಂತಲ್ಲೇ ಆರ್‌ಪಿಎಂ ಅನ್ನು ಮಿತಿಯಲ್ಲಿ ಹಿಡಿದಿಡುವ ವ್ಯವಸ್ಥೆ) ಹಾಕಿ ಲೈನಿನಲ್ಲಿ ಕಾಯುವ ಆ ಕೆಲವು ಸೆಕೆಂಡುಗಳಲ್ಲಿ ಇನ್ನಷ್ಟು.

ಓಟ ಮುಗಿದ ಮೇಲೆ ಕಾರು ವಾಪಸ್ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಮುಕ್ಕಾಲು ಗಂಟೆ ಎಂಜಿನ್ ಆಫ್, ಬಾನೆಟ್ ಮೇಲಕ್ಕೆ. ಆಮೇಲೆ ಮತ್ತೆ ಸ್ಟಾರ್ಟ್, ಮತ್ತೆ ಶ್ರೀಮಂತ ಮಿಶ್ರಣ, ಮತ್ತೆ ಹನ್ನೆರಡು ಹದಿಮೂರು ಸೆಕೆಂಡಿನ ಓಟ. ಹೈವೇಯಲ್ಲಿ ಒಂದು ಗಂಟೆ ಓಡಿಸಿದರೆ ಆಯಿಲ್ 95–100 ಡಿಗ್ರಿಯಲ್ಲಿ ನಿಂತು, ಬೆರೆತ ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಬ್ರೀದರ್ ಮೂಲಕ ಹೊರಟುಹೋಗುತ್ತದೆ. ಸ್ಟ್ರಿಪ್‌ನಲ್ಲಿ ಆ ಅವಕಾಶವೇ ಸಿಗುವುದಿಲ್ಲ. ಒಳಗೆ ಬಂದದ್ದು ಒಳಗೇ ಉಳಿಯುತ್ತದೆ.

ಇದರ ಫಲವನ್ನು ಅಂಕಿಯಲ್ಲಿ ನೋಡಿ. 40 ಗ್ರೇಡ್ (5ಡಬ್ಲ್ಯು-40ರ ಕೊನೆಯ ಸಂಖ್ಯೆ) ಆಯಿಲ್‌ನ ಸ್ನಿಗ್ಧತೆ, ಅಂದರೆ ದಪ್ಪ, 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ ನಡುವೆ ಇರಬೇಕು. ಹೊಸ 5ಡಬ್ಲ್ಯು-40 ಸಾಮಾನ್ಯವಾಗಿ 13.5–14ರ ಆಸುಪಾಸಿನಲ್ಲಿರುತ್ತದೆ. ಶೇ. 5ರಷ್ಟು ಪೆಟ್ರೋಲ್ ಬೆರೆತರೆ ಅದು 30 ಗ್ರೇಡಿಗೆ ಇಳಿದುಬಿಡಬಹುದು. ರೀಮ್ಯಾಪ್ ಮಾಡಿಸಿ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು) ಮೇಲೆ ಹೊರೆ ಹೆಚ್ಚಿಸಿದ್ದೀರಿ, ಅದೇ ಹೊತ್ತಿಗೆ ಬೇರಿಂಗನ್ನು ಕಾಯುವ ಪದರ ತೆಳುವಾಗುತ್ತಿದೆ. ಎಂಜಿನ್ ಹೋಗುವುದು ಹೀಗೆ.

ಸಿಂಥೆಟಿಕ್ ಆಯಿಲ್ ಶಾಖ ತಡೆಯುತ್ತದೆ, ಬೇಗ ಆಕ್ಸಿಡೈಸ್ ಆಗುವುದಿಲ್ಲ, ತಣ್ಣಗಿದ್ದಾಗಲೂ ಸಲೀಸಾಗಿ ಹರಿಯುತ್ತದೆ. ಆದರೆ ಪೆಟ್ರೋಲ್ ಬೆರೆತರೆ ಅದೂ ಮಿನರಲ್ ಆಯಿಲ್‌ನಂತೆಯೇ ತೆಳುವಾಗುತ್ತದೆ. "ಫುಲ್ಲಿ ಸಿಂಥೆಟಿಕ್ ಹಾಕಿದ್ದೇನೆ, ಇನ್ನೂ ಓಡುತ್ತದೆ" ಎನ್ನುವ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ.

ನಾವು ಹೇಳುವ ಲೆಕ್ಕ ಇದು. ಟರ್ಬೊ ಇಲ್ಲದ, ಹೆಚ್ಚು ಕೆಲಸ ಮಾಡಿಸದ ಪೆಟ್ರೋಲ್ ಎಂಜಿನ್ ಆದರೆ 25–30 ಓಟ ಅಥವಾ 5,000 ಕಿ.ಮೀ., ಯಾವುದು ಮೊದಲೋ ಅದು. ನಿಮ್ಮದರಂತೆ ರೀಮ್ಯಾಪ್ ಆದ ಟರ್ಬೊಗೆ 12–15 ಓಟ. ನೈಟ್ರಸ್ (ಎಂಜಿನ್ ಬಲ ಹೆಚ್ಚಿಸುವ ಅನಿಲ) ಹಾಕಿದ್ದರೆ 10. ಈ85ರಂಥ ಎಥನಾಲ್ ಹೆಚ್ಚಿರುವ ಇಂಧನವಾದರೆ 8–10. ಓಟ ಎಷ್ಟೇ ಕಡಿಮೆ ಇರಲಿ, ಆರು ತಿಂಗಳಿಗಿಂತ ಹೆಚ್ಚು ಇಡಬೇಡಿ. ನಿಮ್ಮ 40 ಓಟಕ್ಕೆ ಸೀಸನ್‌ನಲ್ಲಿ ಕನಿಷ್ಠ ಮೂರು ಸಲ ಬದಲಾವಣೆ ಬೇಕೇ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟು ಪ್ರತಿ ಓಟವನ್ನೂ, ಲೈನ್ ತನಕ ಹೋಗಿ ರದ್ದಾದ ಲಾಂಚನ್ನೂ ಬರೆದಿಡಿ.

ಪ್ರಶ್ನೆ: ಬೆಂಗಳೂರಿನಿಂದ ಲೋಣಾವಳ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ಗೆ ಕಾರನ್ನು ಓಡಿಸಿಕೊಂಡೇ ಹೋಗುತ್ತೇನೆ. ಸುಮಾರು 900 ಕಿ.ಮೀ. ಆಯಿಲ್ ಹೋಗುವ ಮೊದಲು ಬದಲಿಸಲೋ, ಬಂದ ಮೇಲೋ? (ಬೆಂಗಳೂರು)

ಉತ್ತರ: ಹೋಗುವ ಮೊದಲು ಬದಲಿಸಿ, ಬಂದ ವಾರದೊಳಗೆ ಮತ್ತೆ ಬದಲಿಸಿ. ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿದ ಮೇಲೆ ಸೋರಿಕೆ ಇದ್ದರೆ ಹೋಗುವ ದಾರಿಯಲ್ಲೇ ಗೊತ್ತಾಗುತ್ತದೆ, ಸ್ಟ್ರಿಪ್ ಮೇಲಲ್ಲ. ಈವೆಂಟಿನ ಹಿಂದಿನ ರಾತ್ರಿ ಬದಲಿಸುವವರಿಗೆ ಈ ಅನುಕೂಲ ಇರುವುದಿಲ್ಲ.

ಅಲ್ಲಿ ಪ್ರತಿ ಮೂರು ಓಟಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು, ಕಾರು ಸಮತಟ್ಟಾಗಿ ನಿಂತಿರುವಾಗ ನೋಡಬೇಕು. ಮಟ್ಟ ಇಳಿದಿದ್ದರೆ ಅರ್ಧ ಲೀಟರ್ ಸೇರಿಸಬಹುದು. ಮಟ್ಟ ಏರಿದ್ದರೆ ಖುಷಿಪಡಬೇಡಿ, ಏರಿದ್ದು ಆಯಿಲ್ ಅಲ್ಲ, ಪೆಟ್ರೋಲು. ಇನ್ನೂ ಮೋಸದ್ದು ಮಟ್ಟ ಇದ್ದ ಹಾಗೇ ಇರುವುದು. ಎಂಜಿನ್ ಅರ್ಧ ಲೀಟರ್ ಆಯಿಲ್ ಕುಡಿದು, ಆ ಜಾಗಕ್ಕೆ ಪೆಟ್ರೋಲ್ ಬಂದಿದ್ದರೂ ಕಡ್ಡಿ "ಸರಿಯಿದೆ" ಎಂದೇ ತೋರಿಸುತ್ತದೆ. ಅದಕ್ಕೇ ಮೂಗನ್ನೂ ಬಳಸಿ. ಕಡ್ಡಿಯ ತುದಿಯಲ್ಲಿ ಪೆಟ್ರೋಲ್ ವಾಸನೆ ಗಾಢವಾಗಿ ಹೊಡೆದರೆ ಅಲ್ಲೇ ಇಳಿಸಿ, ಹೊಸದು ಹಾಕಿಕೊಂಡೇ ಊರಿಗೆ ಹೊರಡಿ. ವಾಸನೆ ಅಷ್ಟಿಲ್ಲದಿದ್ದರೆ ವಾಪಸ್ ಪ್ರಯಾಣವೇ ಸ್ವಲ್ಪ ಪೆಟ್ರೋಲನ್ನು ಆವಿ ಮಾಡುತ್ತದೆ. ಮೊದಲ ನೂರು ಕಿ.ಮೀ. ಬೂಸ್ಟ್ ಒತ್ತದೆ ಹದವಾಗಿ ಬನ್ನಿ.

ಡಿಕ್ಕಿಯಲ್ಲಿ ಒಂದು ಪೂರ್ತಿ ಬದಲಾವಣೆಗೆ ಸಾಕಾಗುವಷ್ಟು ಅದೇ ಕಂಪನಿಯ ಅದೇ ಗ್ರೇಡ್ ಆಯಿಲ್, ಒಂದು ಫಿಲ್ಟರ್, ಎರಡು ಡ್ರೈನ್ ವಾಷರ್ ಇರಲಿ.

ಪ್ರಶ್ನೆ: ಮನೆಯಲ್ಲೇ ಬದಲಿಸುತ್ತೇನೆ. ಡ್ರ್ಯಾಗ್ ಕಾರಿಗೆ ವಿಶೇಷವಾಗಿ ಏನಾದರೂ ಮಾಡಬೇಕೇ? (ಮೈಸೂರು)

ಉತ್ತರ: ಇಳಿಸುವ ಕೆಲಸ ಎಲ್ಲ ಕಾರಿಗೂ ಒಂದೇ. ಇಳಿಸಿದ್ದನ್ನು ಓದುವುದರಲ್ಲಿ ವ್ಯತ್ಯಾಸ.

ಎಂಜಿನ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ ನಿಲ್ಲಿಸಿ. ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಸಮವಾಗಿ ಕೂರಿಸಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಡ್ರೈನ್ ಬೋಲ್ಟ್ ಬಿಚ್ಚಿ ಹದಿನೈದು ನಿಮಿಷ ಇಳಿಯಲು ಬಿಡಿ. ಮಧ್ಯದ ಧಾರೆಯಿಂದ 100 ಮಿ.ಲೀ. ಒಣಗಿದ ಶುಚಿ ಬಾಟಲಿಗೆ ಹಿಡಿದಿಟ್ಟುಕೊಳ್ಳಿ. ಲ್ಯಾಬಿಗೆ ಕಳಿಸುವುದಾದರೆ ಇದೇ ಸ್ಯಾಂಪಲ್. ಬೋಲ್ಟಿಗೆ ಹೊಸ ವಾಷರ್ ಹಾಕಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್‌ಗೆ ಬಿಗಿ ಮಾಡಿ. ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹೋಗುವುದು "ಇನ್ನೊಂಚೂರು" ಬಿಗಿ ಮಾಡುವವರ ಕೈಯಲ್ಲೇ. ಸ್ಪಿನ್-ಆನ್ ಫಿಲ್ಟರ್ ಆದರೆ ರಬ್ಬರಿಗೆ ಆಯಿಲ್ ಸವರಿ, ರಬ್ಬರ್ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು. ಹಳೆಯ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿಕೊಂಡಿಲ್ಲವೆಂದು ಕಣ್ಣಾರೆ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಮೊದಲ ಲಾಂಚಿನಲ್ಲೇ ಆಯಿಲ್ ಪೂರ್ತಿ ಹೊರಗೆ ಬರುತ್ತದೆ.

ಹೊಸ ಆಯಿಲನ್ನು ಮ್ಯಾನ್ಯುಯಲ್‌ನ "ಫಿಲ್ಟರ್ ಸಹಿತ" ಅಳತೆಗಿಂತ ಕಾಲು ಲೀಟರ್ ಕಡಿಮೆ ಹಾಕಿ, ಫ್ಯೂಯೆಲ್ ಪಂಪ್ ಫ್ಯೂಸ್ ತೆಗೆದು ಕೆಲವು ಸೆಕೆಂಡು ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ (ಕ್ರ್ಯಾಂಕ್ ಮಾಡಿ). ಪ್ರೆಷರ್ ಬಂದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ನಿಲ್ಲಿಸಿ, ಕಡ್ಡಿ ನೋಡಿ ಮ್ಯಾಕ್ಸ್ ಗೆರೆಗೆ ಸರಿ ಮಾಡಿ. ಗೆರೆ ದಾಟಿಸಬೇಡಿ. ದಾಟಿದರೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಬಡಿದು ನೊರೆ ಎಬ್ಬಿಸುತ್ತದೆ, ನೊರೆಯನ್ನು ಪಂಪ್ ಎಳೆದರೆ ಬೇರಿಂಗಿಗೆ ಹೋಗುವುದು ಗಾಳಿ.

ಈಗ ಹಳೆಯ ಫಿಲ್ಟರ್. ಇದನ್ನು ಬಿಸಾಡುವವರು ಎಂಜಿನ್ ಬರೆದ ಪತ್ರವನ್ನು ಓದದೆ ಹರಿದಂತೆ. ಫಿಲ್ಟರ್ ಕಟರ್‌ನಿಂದಲೇ ತೆರೆಯಿರಿ. ಹ್ಯಾಕ್‌ಸಾ ಬ್ಲೇಡಿನ ಪುಡಿ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಪೇಪರನ್ನು ಕತ್ತರಿಸಿ, ಹಿಂಡಿ, ಬಿಳಿ ಬಟ್ಟೆಯ ಮೇಲೆ ಅಕಾರ್ಡಿಯನ್ ಮಡಿಕೆ ಬಿಚ್ಚಿ ಹರಡಿ, ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ. ಮಡಿಕೆಗಳ ತಳದಲ್ಲಿ ಅಲ್ಲೊಂದು ಇಲ್ಲೊಂದು ಕಣ ಮಿನುಗಿದರೆ ಚಿಂತೆಯಿಲ್ಲ. ಮ್ಯಾಗ್ನೆಟ್ ಹಿಡಿದಾಗ ಎದ್ದು ಬಂದರೆ ಅದು ಉಕ್ಕು ಅಥವಾ ಕಬ್ಬಿಣ: ಕ್ಯಾಮ್, ರಿಂಗ್, ಆಯಿಲ್ ಪಂಪ್ ಕಡೆಯದು. ಮ್ಯಾಗ್ನೆಟ್‌ಗೆ ಬಾರದ ಬೆಳ್ಳಿ ಬಣ್ಣದ ಚೂರು ಅಲ್ಯೂಮಿನಿಯಂ: ಪಿಸ್ಟನ್ ಇರಬಹುದು, ಅಲ್ಯೂಮಿನಿಯಂ ಬೇರಿಂಗೂ ಇರಬಹುದು. ಬೂದು ಬಣ್ಣದ ತೆಳು ಹಕ್ಕಳೆ ಬೇರಿಂಗಿನ ಮೇಲ್ಪದರ. ತಾಮ್ರದ ಬಣ್ಣ ಕಂಡರೆ ಮೇಲ್ಪದರ ಹೋಗಿ ಒಳಪದರ ಸವೆಯುತ್ತಿದೆ ಎಂದರ್ಥ. ಆ ಎಂಜಿನನ್ನು ಇನ್ನೊಂದು ಓಟಕ್ಕೆ ಸ್ಟಾರ್ಟ್ ಮಾಡಬೇಡಿ. ಚೇಂಬರ್ ಬಿಚ್ಚಿ ಬೇರಿಂಗ್ ಶೆಲ್ ನೋಡುವ ಖರ್ಚು ಕ್ರ್ಯಾಂಕ್ ಮತ್ತು ಬ್ಲಾಕಿನ ಖರ್ಚಿನ ಮುಂದೆ ಏನೂ ಅಲ್ಲ.

ಪ್ರಶ್ನೆ: ಲಾಂಚ್ ಆದ ಕ್ಷಣ ಆಯಿಲ್ ಪ್ರೆಷರ್ ಮುಳ್ಳು ಒಮ್ಮೆ ಕೆಳಗೆ ಬಿದ್ದು ಮತ್ತೆ ಏಳುತ್ತದೆ. ಆಯಿಲ್ ಬದಲಿಸಿದರೂ, 10ಡಬ್ಲ್ಯು-60 ಹಾಕಿದರೂ ಹೋಗಿಲ್ಲ. (ಶಿವಮೊಗ್ಗ)

ಉತ್ತರ: ಇದು ಆಯಿಲ್‌ನ ದೋಷವಲ್ಲ, ಅದು ನಿಂತ ಜಾಗದ್ದು. ಕಾರು ಮುಂದಕ್ಕೆ ಹಾರಿದಾಗ ಚೇಂಬರಿನಲ್ಲಿರುವ ಆಯಿಲ್ ಹಿಂದಿನ ಗೋಡೆಗೆ ಏರುತ್ತದೆ. ಆಯಿಲನ್ನು ಪಂಪಿಗೆ ಎಳೆಯುವ ಪಿಕಪ್ ಪೈಪಿನ ಬಾಯಿ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ. 10ಡಬ್ಲ್ಯು-60 ಹಾಕಿದರೆ ಅದು ಎಂಜಿನ್ನಿನ ಹೆಡ್‌ನಿಂದ (ಮೇಲ್ಭಾಗದಿಂದ) ಚೇಂಬರಿಗೆ ಇಳಿಯುವುದೂ ನಿಧಾನ, ಕಷ್ಟ ಹೆಚ್ಚೇ ಆಗಬಹುದು.

ಮೊದಲು ಮಟ್ಟ ಮ್ಯಾಕ್ಸ್ ಗೆರೆಯಲ್ಲಿದೆಯೇ ನೋಡಿ. ಇದ್ದರೂ ಮುಳ್ಳು ಬೀಳುತ್ತಿದ್ದರೆ ಚೇಂಬರಿನೊಳಗೆ ಬ್ಯಾಫಲ್ ತಟ್ಟೆ ಹಾಕಿಸಬೇಕು. ಆಯಿಲ್ ಪಿಕಪ್ ಸುತ್ತಲೇ ನಿಲ್ಲುವಂತೆ ಒಳಕ್ಕೆ ಮಾತ್ರ ತೆರೆಯುವ ಬಾಗಿಲಿರುವ ಬ್ಯಾಫಲ್ ಒಳ್ಳೆಯದು. ಅದರ ಮೇಲೆ ಆಯಿಲ್ ಅಕ್ಯುಮುಲೇಟರ್. ಅದು ಒತ್ತಡದಲ್ಲಿ ಆಯಿಲ್ ಕೂಡಿಟ್ಟು, ಪ್ರೆಷರ್ ಬಿದ್ದ ಆ ಕ್ಷಣಕ್ಕೆ ಬಿಡುತ್ತದೆ. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಎನ್ನುವುದು ಹಳೆಯ ಕೈಲೆಕ್ಕ. 7,000ದಲ್ಲಿ 70ರ ಹತ್ತಿರ ಇರಬೇಕಾದ್ದು ಲಾಂಚಿನಲ್ಲಿ 20ಕ್ಕೆ ಬೀಳುತ್ತಿದ್ದರೆ ಸರಿ ಮಾಡಿಸುವ ತನಕ ಓಡಿಸಬೇಡಿ.

ದಪ್ಪ ಆಯಿಲ್ ಬಗ್ಗೆ ಒಂದು ಮಾತು. ಗ್ರೇಡ್ ತೀರ್ಮಾನವಾಗುವುದು ಬೇರಿಂಗ್ ಕ್ಲಿಯರೆನ್ಸ್‌ನಿಂದ, ಅಂದರೆ ಶಾಫ್ಟ್ ಮತ್ತು ಬೇರಿಂಗ್ ನಡುವಿನ ಸಂದಿನಿಂದ. ರೇಸ್ ಎಂಜಿನ್ ಕಟ್ಟುವಾಗ ಜರ್ನಲ್‌ನ (ಬೇರಿಂಗ್ ಒಳಗೆ ತಿರುಗುವ ಶಾಫ್ಟ್ ಭಾಗ) ಪ್ರತಿ ಇಂಚು ವ್ಯಾಸಕ್ಕೆ ಇಂಚಿನ ಸಾವಿರದಲ್ಲಿ ಒಂದು ಪಾಲು ಕ್ಲಿಯರೆನ್ಸ್ ಬಿಡುವುದು ರೂಢಿ. ಹಾಗಾಗಿ ಎರಡು ಇಂಚಿನ ಜರ್ನಲ್‌ಗೆ ಸುಮಾರು 0.05 ಮಿ.ಮೀ. ನಿಮ್ಮ ಎಂಜಿನ್ ಬಿಚ್ಚದ ಸ್ಟಾಕ್ ಎಂಜಿನ್ ಆಗಿದ್ದು, ಕಂಪನಿ 5ಡಬ್ಲ್ಯು-30 ಹೇಳಿದ್ದರೆ 5ಡಬ್ಲ್ಯು-40ರ ತನಕ ಹೋಗಿ, ಅಲ್ಲಿ ನಿಲ್ಲಿ. 60 ಗ್ರೇಡ್ ತಣ್ಣಗಿದ್ದಾಗ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲ್ ಬೇರಿಂಗಿಗೆ ಹೋಗುವ ಸಾಧ್ಯತೆ ಹೆಚ್ಚು. ಯಾವ ಗ್ರೇಡೇ ಇರಲಿ, ಆಯಿಲ್ ಬಿಸಿಯಾಗದೆ ಲಾಂಚ್ ಬೇಡ. ಡ್ಯಾಶಿನ ಟೆಂಪರೇಚರ್ ಮುಳ್ಳು ತೋರಿಸುವುದು ನೀರಿನದು. ಅದು 90ಕ್ಕೆ ಬಂದಾಗಲೂ ಆಯಿಲ್ 50–60ರಲ್ಲೇ ಇರಬಹುದು. ಆಯಿಲ್ ಟೆಂಪರೇಚರ್ ಗೇಜ್ ಬೇರೆ ಹಾಕಿಸಿ, 80 ದಾಟಲಿ.

ಪ್ರಶ್ನೆ: ಸವೆತ ತಡೆಯುವ ಜಿಂಕ್ ಹೆಚ್ಚಿರುವ "ರೇಸಿಂಗ್ ಆಯಿಲ್" ಒಳ್ಳೆಯದೋ, ಎಪಿಐ (ಅಮೆರಿಕನ್ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆಯ ಸಾಮಾನ್ಯ ಸಿಂಥೆಟಿಕ್ಕೋ? (ದಾವಣಗೆರೆ)

ಉತ್ತರ: ಕಾರು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಆಗಿದ್ದು ರಸ್ತೆಯಲ್ಲೂ ಓಡುತ್ತಿದ್ದರೆ, ಕಂಪನಿಯ ಅನುಮೋದನೆ ಇರುವ ಎಪಿಐ ಎಸ್‌ಪಿ ಆಯಿಲ್ ಹಾಕಿ. ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಬೂಸ್ಟ್ ಬಂದಾಗ ಕಿಡಿಗಿಂತ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ಈ ಎಂಜಿನ್‌ಗಳಲ್ಲಿದೆ. ಆಯಿಲ್‌ನ ಕ್ಯಾಲ್ಸಿಯಂ ಡಿಟರ್ಜೆಂಟ್ ಅದಕ್ಕೆ ಒಂದು ಕಾರಣ. 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಅದಕ್ಕಾಗಿಯೇ ಪರೀಕ್ಷೆ ಇದೆ. ಜಿಂಕ್ ಹೆಚ್ಚಾದರೆ ಅದರ ಜೊತೆಯ ಫಾಸ್ಫರಸ್ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ.

ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್, ಗಟ್ಟಿ ವಾಲ್ವ್ ಸ್ಪ್ರಿಂಗ್, ಎತ್ತರದ ಕ್ಯಾಮ್ ಇರುವ ಹಳೆಯ ಎಂಜಿನ್ ಆದರೆ ಜಿಂಕ್ ಬೇಕು, ರೇಸಿಂಗ್ ಆಯಿಲ್ ಸರಿ. ಆದರೆ ರೇಸಿಂಗ್ ಆಯಿಲ್‌ಗಳಲ್ಲಿ ಹಲವಕ್ಕೆ ಡಿಟರ್ಜೆಂಟ್ ಮತ್ತು ತುಕ್ಕು ತಡೆಯುವ ಅಂಶ ಕಡಿಮೆ. ಮಳೆಗಾಲದಲ್ಲಿ ಮೂರು ನಾಲ್ಕು ತಿಂಗಳು ಕಾರು ನಿಲ್ಲಿಸುವುದಾದರೆ ಅದನ್ನು ಇಳಿಸಿ, ಸಾಮಾನ್ಯ ಸಿಂಥೆಟಿಕ್ ಹಾಕಿ, ಬಿಸಿಯಾಗುವ ತನಕ ಓಡಿಸಿ ನಿಲ್ಲಿಸಿ. ಬಳಸಿದ ಆಯಿಲ್‌ನಲ್ಲಿರುವ ನೀರು ಮತ್ತು ಆಮ್ಲ ನಿಂತ ಎಂಜಿನ್‌ನ ಬೇರಿಂಗ್ ತಿನ್ನುತ್ತವೆ.

ಪ್ರಶ್ನೆ: ಅಬುಧಾಬಿಯಲ್ಲಿದ್ದೇನೆ. ಯಾಸ್ ಮರೀನಾದ ಡ್ರ್ಯಾಗ್ ಸ್ಟ್ರಿಪ್‌ಗೆ ಬರುವ ಒಂದು ಮೆಥನಾಲ್ ಕಾರಿಗೆ ಕೈಜೋಡಿಸುತ್ತೇನೆ. ಆಯಿಲ್ ಕ್ಯಾಪ್ ತೆಗೆದರೆ ಬಿಳಿ ಕೆನೆ. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ? ಟಾಪ್ ಫ್ಯೂಯೆಲ್ ಕಾರುಗಳಿಗೆ (ನೈಟ್ರೋಮೀಥೇನ್ ಉರಿಸುವ ಅತಿ ವೇಗದ ಡ್ರ್ಯಾಗ್ ಕಾರು) ಪ್ರತಿ ಓಟಕ್ಕೂ ಆಯಿಲ್ ಬದಲಿಸುವುದು ನಿಜವೇ?

ಉತ್ತರ: ಕೂಲೆಂಟ್ ಮಟ್ಟ ಇಳಿದಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಿಲ್ಲ ಎಂದಾದರೆ ಗ್ಯಾಸ್ಕೆಟ್ ಅಲ್ಲ, ಮೆಥನಾಲ್. ಒಂದು ಪಾಲು ಮೆಥನಾಲ್ ಉರಿಯಲು 6.4 ಪಾಲು ಗಾಳಿ ಸಾಕು. ಎಂದರೆ ಅಷ್ಟೇ ಗಾಳಿಗೆ ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಇಂಧನ ಸುರಿಯುತ್ತೀರಿ. ಅದು ನೀರನ್ನು ಹೀರುತ್ತದೆ, ಆವಿಯಾಗುವಾಗ ಎಂಜಿನನ್ನು ತಣ್ಣಗಾಗಿಸುತ್ತದೆ. ನೀರು, ಮೆಥನಾಲ್, ಆಯಿಲ್ ಮೂರೂ ಕಡೆದು ಕೆನೆಯಾಗುತ್ತವೆ. ಮೆಥನಾಲ್ 65 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಆಯಿಲ್ ಹೀಟರ್ ಪ್ಯಾಡ್ ಹಾಕಿ 80–90ಕ್ಕೆ ಬಿಸಿ ಮಾಡಿಕೊಂಡು ಓಡಿಸಿದರೆ ಕೆನೆ ಬಹಳಷ್ಟು ಕಡಿಮೆಯಾಗುತ್ತದೆ. ಆದರೂ ದಿನದ ಓಟ ಮುಗಿದ ಮೇಲೆ, ಅದೇ ಸಂಜೆ ಇಳಿಸಿ. ಮಧ್ಯಾಹ್ನವೇ ಕಡ್ಡಿಯ ಮೇಲೆ ಹಾಲಿನ ಬಣ್ಣ ಕಂಡರೆ ಸಂಜೆಗೂ ಕಾಯಬೇಡಿ.

ಟಾಪ್ ಫ್ಯೂಯೆಲ್ ವಿಷಯ ನಿಜ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಡೆಸುವ ಸ್ಪರ್ಧೆಗಳಲ್ಲಿ ಈ ಕಾರುಗಳು 2008ರಿಂದ 1,000 ಅಡಿ, ಅಂದರೆ 305 ಮೀಟರ್ ಮಾತ್ರ ಓಡುತ್ತವೆ. ಇಂಧನದಲ್ಲಿ ಶೇ. 90 ನೈಟ್ರೋಮೀಥೇನ್. ಅದಕ್ಕೆ ಬೇಕಾದ ಗಾಳಿ 1.7 ಪಾಲು ಮಾತ್ರ, ಹೀಗಾಗಿ ಸಿಲಿಂಡರಿಗೆ ಬರುವುದು ಇಂಧನದ ಹೊಳೆಯೇ. ಅದರಲ್ಲಿ ಬಹಳಷ್ಟು ಚೇಂಬರಿಗೂ ಇಳಿಯುತ್ತದೆ. 70 ಗ್ರೇಡಿನ ದಪ್ಪ ಆಯಿಲ್ ಹಾಕಿದ್ದರೂ ಒಂದೇ ಓಟದಲ್ಲಿ ಕೆಟ್ಟುಹೋಗುತ್ತದೆ. ಸುತ್ತು ಸುತ್ತಿಗೂ ಎಂಜಿನ್ ಬಿಚ್ಚಿ ಬೇರಿಂಗ್ ನೋಡುತ್ತಾರೆ, ಆಯಿಲ್ ಹೊಸದು.

ಪ್ರಶ್ನೆ: ಎಂಜಿನ್ ಹೊಸದಾಗಿ ಕಟ್ಟಿಸಿದ್ದೇನೆ. ಮೊದಲಿನಿಂದಲೇ ಸಿಂಥೆಟಿಕ್ ಹಾಕಬಹುದೇ? (ತುಮಕೂರು)

ಉತ್ತರ: ಬೇಡ. ಮೊದಲು ಬ್ರೇಕ್-ಇನ್‌ಗೆಂದೇ ಬರುವ ಮಿನರಲ್ ಆಯಿಲ್. ಮೊದಲ ಸ್ಟಾರ್ಟಿನ 20–30 ನಿಮಿಷ ಆದ ಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಫಿಲ್ಟರ್ ಕತ್ತರಿಸಿ ನೋಡಿ. ಮತ್ತೆ ಅದೇ ಆಯಿಲ್‌ನಲ್ಲಿ ಹೊರೆ ಏರಿಸುತ್ತಾ ಇಳಿಸುತ್ತಾ ಒಂದು 500 ಕಿ.ಮೀ. ಅಥವಾ ಡೈನೋ (ಎಂಜಿನ್ ಬಲ ಅಳೆಯುವ ಯಂತ್ರ) ಮೇಲಿನ ಕೆಲಸ ಮುಗಿಸಿ ಮತ್ತೊಮ್ಮೆ ಬದಲಿಸಿ. ರಿಂಗ್ ಕೂತು ಕಂಪ್ರೆಷನ್ ಎಲ್ಲ ಸಿಲಿಂಡರಿನಲ್ಲೂ ಒಂದೇ ಮಟ್ಟಕ್ಕೆ ಬಂದ ಮೇಲೆ ಸಿಂಥೆಟಿಕ್.

ಪ್ರಶ್ನೆ: ಕಾರಿಗೆ ತಂದ ಸಿಂಥೆಟಿಕ್ ಮಿಕ್ಕಿದೆ. ಡ್ರ್ಯಾಗ್‌ಗೆ ಓಡಿಸುವ ಫೋರ್ ಸ್ಟ್ರೋಕ್ ಬೈಕಿಗೆ ಹಾಕಲೇ? (ಕೋಲಾರ)

ಉತ್ತರ: ಹಾಕಬೇಡಿ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್‌ನಲ್ಲಿ ಘರ್ಷಣೆ ತಗ್ಗಿಸುವ ಅಂಶ ಇರಬಹುದು, ಲಾಂಚಿನಲ್ಲಿ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ. ಡಬ್ಬದ ಮೇಲೆ ಜಾಸೊ ಎಂಎ2 (ಆಯಿಲ್‌ನಲ್ಲಿ ಮುಳುಗುವ ಕ್ಲಚ್ಚಿನ ಬೈಕುಗಳಿಗೆಂದಿರುವ ದರ್ಜೆ) ಎಂದಿರುವುದನ್ನೇ ತನ್ನಿ.

ಪ್ರಶ್ನೆ: ಇಷ್ಟು ಸಲ ಬದಲಿಸಿದರೆ ಹಳೆಯ ಆಯಿಲ್ ಏನು ಮಾಡುವುದು? ರಸ್ತೆಯ ಕಾರಿಗೆ ಹಾಕಬಹುದೇ? (ಉಡುಪಿ)

ಉತ್ತರ: ಹಾಕಬಾರದು. ನೋಡಲು ಹೊಂಬಣ್ಣವೇ ಇದ್ದರೂ ಅದರಲ್ಲಿ ಪೆಟ್ರೋಲಿದೆ. ಮರಕ್ಕೆ ಗೆದ್ದಲು ಬಾರದಂತೆ ಬಳಿಯುವುದು, ಚರಂಡಿಗೆ ಸುರಿಯುವುದು, ಒಲೆ ಉರಿಸುವುದು ಯಾವುದೂ ಬೇಡ. ಬಳಸಿದ ಆಯಿಲ್ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮುಚ್ಚಳ ಭದ್ರವಾಗಿರುವ ಕ್ಯಾನಿನಲ್ಲಿ ತುಂಬಿಡಿ. ಮೆಥನಾಲ್ ಅಥವಾ ಪೆಟ್ರೋಲ್ ಹೆಚ್ಚು ಬೆರೆತದ್ದನ್ನು ಬೇರೆ ಕ್ಯಾನಿನಲ್ಲಿ, ಬೆಂಕಿಯಿಂದ ದೂರ, ಚೀಟಿ ಅಂಟಿಸಿ ಇಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಆಯಿಲ್ ಕೊಡುವ ಸರ್ವಿಸ್ ಸೆಂಟರ್ ನಿಮ್ಮೂರಿನಲ್ಲಿ ಯಾವುದೆಂದು ವಿಚಾರಿಸಿ, ಕ್ಯಾನ್ ತುಂಬಿದಾಗ ಅಲ್ಲಿಗೆ ಒಪ್ಪಿಸಿ. ಕತ್ತರಿಸಿದ ಫಿಲ್ಟರನ್ನೂ ಒಂದು ದಿನ ಬೋರಲು ಹಾಕಿ ಬಸಿದು ಅದರ ಜೊತೆಗೇ ಕೊಡಿ.